ಕೋರ್ಟು ಗೆಲ್ಲಿಸಿತು, ಮೈದಾನ ಗೆಲ್ಲಿಸೋರು ಯಾರು?

ಭಾಲ್ಕಿಯಿಂದ ಉದಗೀರಕ್ಕೆ ಹೋಗುವ ಬಸ್ಸು ಕಮಲನಗರದಲ್ಲಿ ನಿಂತರೆ ಮೂರು ಭಾಷೆ ಒಟ್ಟಿಗೆ ಹತ್ತುತ್ತವೆ. ಕನ್ನಡ, ಮರಾಠಿ, ಉರ್ದು. ಸೀಟಿಗಾಗಿ ಮೂರು ಭಾಷೆಯಲ್ಲೂ ಜಗಳ ನಡೆಯುತ್ತದೆ. ಆದರೆ ಎತ್ತಿನ ಮಾತು ಬಂತೆಂದರೆ ಜಗಳ ಬಂದ್. ಯಾರ ಮನೆ ಜೋಡಿ ಹೆಂಗದ, ಯಾವ ಸಂತೆಯಲ್ಲಿ ಎಷ್ಟಕ್ಕೆ ಹೋಯಿತು, ಯಾವ ಊರಿನ ಜಾತ್ರೆಗೆ ಶರ್ಯತ್ತು ಉಂಟು, ಮಾತು ಅಲ್ಲಿಂದ ಆಚೆ ಹೋಗುವುದಿಲ್ಲ.

"ಈ ಸಲ ಯಾವ ಜೋಡಿ ಓಡ್ತದ ಕಾಕಾ?" ಎಂದು ಹುಡುಗರು ಕೇಳಿದರೆ ಹಿರಿಯರು ಕೊಡುವ ಉತ್ತರ ಒಂದೇ: "ಓಡೋ ಜೋಡಿ ಅದಾವಪ್ಪಾ. ಓಡಿಸ್ಲಾಕ ಜಾಗಾ ಎಲ್ಲದ?"

ಪ್ರಶ್ನೆ ಸಣ್ಣದಲ್ಲ. ಎತ್ತಿನ ಗಾಡಿ ಓಟ ನಡೆಯಬೇಕೋ ಬೇಡವೋ ಎಂಬ ಜಗಳ ದಿಲ್ಲಿಯವರೆಗೆ ಹೋಗಿ 2023ರಲ್ಲಿ ತೀರ್ಮಾನವಾಯಿತು. ಓಟ ಗೆದ್ದಿತು. ಆದರೆ ಓಟ ನಡೆಸುವ ಮೈದಾನ ಉಳಿಸುವುದು ಹೇಗೆ ಎಂಬುದನ್ನು ಯಾವ ಕೋರ್ಟೂ ಹೇಳಿಕೊಡುವುದಿಲ್ಲ.

ಅಗಸಿ ಬಾಗಿಲಿನ ಓಟ

ಈ ಸೀಮೆಯ ರೈತನಿಗೆ ಎತ್ತಿನ ಓಟ ಇವತ್ತಿನದಲ್ಲ. ಕಾರಹುಣ್ಣಿಮೆ ಬಂತೆಂದರೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ, ಹಣೆಗೆ ಗೊಂಡೆ ಕಟ್ಟಿ ಸಂಜೆಗೆ ಊರ ಅಗಸಿಯತ್ತ ಓಡಿಸುತ್ತಾರೆ. ಅಗಸಿಗೆ ಅಡ್ಡಲಾಗಿ ಬೇವಿನ ತೋರಣ. ಅದನ್ನು ಮೊದಲು ಹರಿದ ಎತ್ತಿಗೆ ಮರ್ಯಾದೆ. ಇದಕ್ಕೇ 'ಕರಿ ಹರಿಯುವುದು' ಎನ್ನುತ್ತಾರೆ. ಬಿಳಿ ಎತ್ತು ಮುಂದಾದರೆ ಹಿಂಗಾರಿನ ಬಿಳಿ ಜೋಳ ಚಲೋ, ಕಂದು ಎತ್ತು ಮುಂದಾದರೆ ಮುಂಗಾರು ಚಲೋ ಎಂಬುದು ಹಿರಿಯರ ಲೆಕ್ಕ. ಗಡಿಯಾಚೆ ಮರಾಠಿ ಮಂದಿಗೆ ಇದೇ ಸಂಭ್ರಮ ಶ್ರಾವಣದ ಕೊನೆಗೆ ಬರುವ ಪೋಳಾ. ಕಮಲನಗರದಂಥ ಗಡಿ ಊರಿನವರಿಗೆ ಎರಡೂ ಹಬ್ಬ ಗೊತ್ತು.

ಈ ಅಗಸಿ ಓಟಕ್ಕೆ ಟಿಕೆಟ್ಟಿಲ್ಲ, ಫೀಜಿಲ್ಲ, ಪರವಾನಗಿಯ ಗೋಜೂ ಕಡಿಮೆ. ಆದರೆ ಶರ್ಯತ್ತು ಎಂದರೆ ಬೇರೆ. ಅಲ್ಲಿ ಗಾಡಿ, ಗಡಿಯಾರ, ಬಹುಮಾನ, ಜನಜಾತ್ರೆ. ಅದಕ್ಕೆ ಮೈದಾನ ಬೇಕು. ಕಷ್ಟ ಶುರುವಾಗುವುದು ಅಲ್ಲಿಂದ.

ಮೈದಾನ ಎಂದರೆ ಬರೀ ಬಯಲಲ್ಲ

ದೂರದಿಂದ ನೋಡಿದವರಿಗೆ ಖಾಲಿ ಹೊಲ ಸಾಕು ಅನಿಸುತ್ತದೆ. ಓಡಿಸುವವನನ್ನು ಕೇಳಬೇಕು. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಎತ್ತಿನ ಕಾಲು ಸಿಕ್ಕರೆ ಅದರ ಜನ್ಮವೇ ಮುಗಿಯಿತು. ಹೆಂಟೆ ಒಡೆಯಬೇಕು, ಕುಂಟೆ ಹೊಡೆದು ಸಮ ಮಾಡಬೇಕು, ಕಲ್ಲು ಆರಿಸಬೇಕು, ಧೂಳು ಏಳದಂತೆ ನೀರು ಹೊಡೆಯಬೇಕು. ಎರಡೂ ಬದಿಗೆ ಹಗ್ಗ ಅಥವಾ ಬಳ್ಳಿ ಕಟ್ಟಿ ಜನ ಒಳಗೆ ನುಗ್ಗದಂತೆ ನೋಡಬೇಕು. ಗೆರೆ ದಾಟಿದ ಮೇಲೆ ಎತ್ತು ನಿಲ್ಲಲು ಇನ್ನಷ್ಟು ಜಾಗ ಬೇಕು. ಇಷ್ಟಾದ ಮೇಲೆ ದನದ ಡಾಕ್ಟರು, ಪೊಲೀಸರು, ಕುಡಿಯುವ ನೀರು, ನೆರಳು.

ಇದೆಲ್ಲ ವರ್ಷಕ್ಕೆ ಒಂದೋ ಎರಡೋ ದಿನಕ್ಕೆ. ಉಳಿದ ದಿನ ಆ ಭೂಮಿ ಯಾರದ್ದು? ಯಾರದೋ ಹೊಲ. ಆತ ಈ ವರ್ಷ ಕೊಟ್ಟಾನು, ಮುಂದಿನ ವರ್ಷ ಬೇಗ ಬಿತ್ತನೆ ಮಾಡಿಯಾನು, ಇಲ್ಲ ಪ್ಲಾಟು ಮಾಡಿ ಮಾರಿಯಾನು. ಬಹುಮಾನ ಕೊಡುವವರು ಯಾರು? ಬಹಳ ಕಡೆ ಒಬ್ಬ ಪುಢಾರಿ. ಚುನಾವಣೆ ಹತ್ತಿರ ಇದ್ದರೆ ಬಹುಮಾನ ದೊಡ್ಡದು, ಚುನಾವಣೆ ಮುಗಿದರೆ ಬಹುಮಾನವೂ ಮುಗಿಯಿತು. ಒಬ್ಬನ ಜೇಬಿನ ಮೇಲೆ ನಿಂತ ಮೈದಾನ ಆತನ ಜೇಬು ತೂತಾದ ದಿನ ಬೀಳುತ್ತದೆ.

ಆದರೆ ಅದೇ ಎರಡು ದಿನದಲ್ಲಿ ಲಾಭ ಯಾರಿಗೆ? ಚಹಾದಂಗಡಿ, ಮಿರ್ಚಿ ಭಜಿ, ಕಬ್ಬಿನ ಹಾಲಿನ ಗಾಣ, ಹಗ್ಗ-ಗೆಜ್ಜೆ ಮಾರುವವನು, ಪಂಕ್ಚರ್ ಹಾಕುವವನು, ಟಂಟಂ ಓಡಿಸುವವನು, ಕಿರಾಣಿ, ಬಳೆ ಅಂಗಡಿ. ಗೆದ್ದವನು ಬಹುಮಾನ ಒಯ್ಯುತ್ತಾನೆ, ಸೋತವರು ಗಲ್ಲೆ ತುಂಬಿಸಿ ಹೋಗುತ್ತಾರೆ. ವರ್ತಕರು ಇದನ್ನು ಬಲ್ಲರು. ಆದರೆ ವಂತಿಗೆ ಕೇಳಲು ಬಂದಾಗ ಮಾತ್ರ "ಸೇಠರು ಊರಾಗಿಲ್ಲ" ಎಂಬ ಉತ್ತರ!

ಒಂಬತ್ತು ವರ್ಷದ ಕೋರ್ಟು ಕಥೆ

ಓಟಕ್ಕೆ ಕುತ್ತು ಬಂದದ್ದು ಸುಮ್ಮನೆ ಅಲ್ಲ. ಎತ್ತಿನ ಬಾಲ ತಿರುಚುವುದು, ಮೊಳೆ ಬಡಿದ ಕೋಲಿನಿಂದ ಚುಚ್ಚುವುದು, ಬಾರುಕೋಲಿನಿಂದ ಚರ್ಮ ಸುಲಿಯುವಂತೆ ಹೊಡೆಯುವುದು ಕೆಲವು ಕಡೆ ನಡೆಯುತ್ತಿತ್ತು ಎಂಬುದನ್ನು ಓಟದ ಅಭಿಮಾನಿಗಳೂ ಒಪ್ಪಬೇಕು. ಪ್ರಾಣಿ ದಯಾ ಮಂಡಳಿಯವರು ಕೋರ್ಟಿಗೆ ಹೋದರು. 2014ರ ಮೇ 7ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಜಲ್ಲಿಕಟ್ಟನ್ನೂ ಮಹಾರಾಷ್ಟ್ರದ ಗಾಡಿ ಓಟವನ್ನೂ ನಿಲ್ಲಿಸಿತು. 2016ರಲ್ಲಿ ಕರಾವಳಿಯ ಕಂಬಳಕ್ಕೂ ಹೈಕೋರ್ಟಿನ ತಡೆ ಬಂತು.

2017ರ ಜನವರಿಯಲ್ಲಿ ಚೆನ್ನೈನ ಮರೀನಾ ಬೀಚಿನಲ್ಲಿ ಯುವಕರು ಸಾವಿರಗಟ್ಟಲೆ ಕೂತರು. ತಮಿಳುನಾಡು ಕಾಯ್ದೆ ತಿದ್ದಿತು. ಅದೇ ವರ್ಷ ಕರ್ನಾಟಕವೂ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳದ ಜತೆಗೆ ಎತ್ತಿನ ಓಟ, ಗಾಡಿ ಓಟಕ್ಕೂ ದಾರಿ ಮಾಡಿತು. ಮಹಾರಾಷ್ಟ್ರವೂ ತಿದ್ದಿತು, ಆದರೆ ಬಾಂಬೆ ಹೈಕೋರ್ಟು ತಡೆಯಿತು. ಅಲ್ಲಿಯವರಿಗೆ ಮತ್ತೆ ಅನುಮತಿ ಸಿಕ್ಕಿದ್ದು 2021ರ ಡಿಸೆಂಬರಿನಲ್ಲಿ. ಗಡಿಗೆರೆ ಎಂದರೆ ಹೀಗೆ! ನಡುವಿನ ವರ್ಷಗಳಲ್ಲಿ ಈಚೆ ದಾರಿ ತೆರೆದಿತ್ತು, ಆಚೆ ಬಂದ್. ಎತ್ತಿಗೆ ಮಾತ್ರ ಗಡಿ ಗೊತ್ತಿಲ್ಲ.

ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಮೂರೂ ರಾಜ್ಯಗಳ ಕಾಯ್ದೆಯನ್ನು ಎತ್ತಿ ಹಿಡಿಯಿತು. ಪಟಾಕಿ ಹಾರಿಸಿದವರು ತೀರ್ಪಿನ ಇನ್ನೊಂದು ಮಗ್ಗುಲನ್ನು ಓದಲಿಲ್ಲ: ಕಾಯ್ದೆ, ನಿಯಮ ಕಟ್ಟುನಿಟ್ಟಾಗಿ ಪಾಲನೆಯಾಗಬೇಕು, ಅದು ಅಧಿಕಾರಿಗಳ ಹೊಣೆ. ಮಹಾರಾಷ್ಟ್ರದ ನಿಯಮದಲ್ಲಿ ಓಟ 1,000 ಮೀಟರ್ ಮೀರುವಂತಿಲ್ಲ. ಎತ್ತಿಗೆ ಹಿಂಸೆ ಕೊಟ್ಟರೆ 5 ಲಕ್ಷ ರೂಪಾಯಿವರೆಗೆ ದಂಡ, 3 ವರ್ಷದವರೆಗೆ ಜೈಲು. ಅಂದರೆ ಒಬ್ಬನ ಬಾರುಕೋಲು ಇಡೀ ಮೈದಾನಕ್ಕೆ ಬೀಗ ಹಾಕಿಸಬಲ್ಲದು.

ದೂರದ ಊರೊಂದರ ಪಾಡು

ಮೈದಾನ ಸಾಯುವುದು ಇಲ್ಲಿ ಮಾತ್ರ ಎಂದು ತಿಳಿಯಬೇಕಿಲ್ಲ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ನಾರ್ತ್ ವಿಲ್ಕ್ಸ್‌ಬರೊ ಎಂಬ ಸಣ್ಣ ಊರು. ಸುತ್ತ ಬೆಟ್ಟ. ಅಲ್ಲಿಯವರ ಹುಚ್ಚು ಸ್ಟಾಕ್ ಕಾರ್ ಓಟ. ಸ್ಟಾಕ್ ಕಾರ್ ಎಂದರೆ ರೇಸಿಗೆಂದೇ ಹುಟ್ಟಿದ ಗಾಡಿಯಲ್ಲ. ಅಂಗಡಿಯಲ್ಲಿ ಕೊಂಡ ಸಾದಾ ಕಾರನ್ನೇ ಊರ ಮೆಕ್ಯಾನಿಕ್ಕು ಬಿಚ್ಚಿ, ಬಿಗಿದು ಓಡಿಸುವುದು, ಮೊದಮೊದಲು ಹಾಗೇ ಇತ್ತು. ವಾರವೆಲ್ಲ ಹೊಲ ಹೊಡೆದ ಎತ್ತನ್ನೇ ಜಾತ್ರೆಗೆ ಓಡಿಸಿದ ಹಾಗೆ.

ಆ ಬೆಟ್ಟದ ಮಂದಿಗೆ ಕಾರು ಓಡಿಸುವ ಕಲೆ ಬಂದದ್ದು ಎಲ್ಲಿಂದ? ಕಳ್ಳಭಟ್ಟಿಯಿಂದ! ರಾತ್ರಿ ಸಾರಾಯಿ ತುಂಬಿಕೊಂಡು ಪೊಲೀಸರ ಕೈಗೆ ಸಿಗದಂತೆ ಓಡಿಸಿದವರೇ ಮುಂದೆ ರೇಸಿನ ಸರದಾರರಾದರು. ಅದೇ ಸೀಮೆಯ ಜೂನಿಯರ್ ಜಾನ್ಸನ್ ಎಂಬಾತ ಭಟ್ಟಿ ಕೇಸಿನಲ್ಲಿ ಜೈಲು ಕಂಡು ಬಂದವನು, ದೊಡ್ಡ ರೇಸು 50 ಗೆದ್ದ. 1986ರಲ್ಲಿ ಅಧ್ಯಕ್ಷ ರೇಗನ್ ಆತನ ಹಳೆಯ ತಪ್ಪಿಗೆ ಕ್ಷಮೆ ಕೊಟ್ಟರು.

1947ರಲ್ಲಿ ಆ ಊರಲ್ಲಿ ಮೈದಾನ ತೆರೆಯಿತು. ಒಂದು ಸುತ್ತಿಗೆ ಸುಮಾರು 1 ಕಿಲೋಮೀಟರು. ದಶಕಗಟ್ಟಲೆ ವರ್ಷಕ್ಕೆರಡು ದೊಡ್ಡ ಓಟ, ಊರ ತುಂಬ ಜನ. 1995ರಲ್ಲಿ ಮೈದಾನ ಕಟ್ಟಿ ಬೆಳೆಸಿದ ಹಿರಿಯ ತೀರಿಕೊಂಡ. ಹೊರಗಿನ ಇಬ್ಬರು ದೊಡ್ಡ ಧಣಿಗಳು ಬಂದು ಕೊಂಡರು. ಅವರಿಗೆ ಬೇಕಾದದ್ದು ಮೈದಾನವಲ್ಲ, ಅದರ ಹೆಸರಲ್ಲಿದ್ದ ಓಟದ ತಾರೀಖು! 1996ರ ಸೆಪ್ಟೆಂಬರ್ 29ಕ್ಕೆ ಕೊನೆಯ ದೊಡ್ಡ ಓಟ. ಒಂದು ತಾರೀಖು ಟೆಕ್ಸಾಸಿಗೆ ಹೋಯಿತು, ಇನ್ನೊಂದು ನ್ಯೂ ಹ್ಯಾಂಪ್‌ಶೈರಿಗೆ. ಮೈದಾನದಲ್ಲಿ ಹುಲ್ಲು ಬೆಳೆಯಿತು.

ಮತ್ತೆ ಅದು ಎದ್ದದ್ದು ಹೇಗೆ? ಅಭಿಮಾನಿಗಳು ಬಿಡಲಿಲ್ಲ. 2019ರಲ್ಲಿ ಹೆಸರಾಂತ ಓಟಗಾರ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಮಂದಿ ಕಟ್ಟಿಕೊಂಡು ಹೋಗಿ ಕಳೆ ಕಿತ್ತ. ಆಮೇಲೆ ಸರ್ಕಾರ 1 ಕೋಟಿ 80 ಲಕ್ಷ ಡಾಲರ್ ಕೊಟ್ಟಿತು. 2022ರ ಆಗಸ್ಟಿನಲ್ಲಿ ಮೊದಲು ಸಣ್ಣ ಓಟ, 2023ರ ಮೇ 21ಕ್ಕೆ ದೊಡ್ಡ ಓಟ. ದಿಲ್ಲಿಯಲ್ಲಿ ಎತ್ತಿನ ತೀರ್ಪು ಬಂದ ಮೂರನೇ ದಿನ! ಅಲ್ಲಿಯ ಪಾಠ ಇಷ್ಟು: ತಾರೀಖು ಊರ ಕೈಯಲ್ಲಿ ಇದ್ದರೆ ಮೈದಾನ ಊರದ್ದು, ತಾರೀಖು ಧಣಿಯ ಕೈಗೆ ಹೋದರೆ ಮೈದಾನವೂ ಧಣಿಯದ್ದು.

ಹತ್ತಿರದ ಪಾಠ

ಅಷ್ಟು ದೂರ ಯಾಕೆ, ಮಂಗಳೂರಿನ ಕಡೆ ನೋಡಲಿ. ಕಂಬಳಕ್ಕೆ ಜಿಲ್ಲಾ ಸಮಿತಿ ಇದೆ. ಮಳೆಗಾಲ ಮುಗಿದ ಮೇಲೆ ಯಾವ ವಾರ ಯಾವ ಊರಲ್ಲಿ ಕಂಬಳ ಎಂಬ ಪಟ್ಟಿ ಮೊದಲೇ ಬರುತ್ತದೆ. ಕೋಣದ ಯಜಮಾನ ಲೆಕ್ಕ ಹಾಕಿಕೊಳ್ಳುತ್ತಾನೆ, ಅಂಗಡಿಯವ ಲೆಕ್ಕ ಹಾಕಿಕೊಳ್ಳುತ್ತಾನೆ. 2020ರಲ್ಲಿ ಐಕಳ ಕಂಬಳದ ಓಟಗಾರ ಶ್ರೀನಿವಾಸ ಗೌಡರ ಹೆಸರು ಜಗತ್ತೆಲ್ಲ ಓಡಾಡಿತು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೆಯಿತು. ಇದು ಒಬ್ಬ ಪುಢಾರಿಯ ಜೇಬಿನಿಂದ ಆಗುವ ಕೆಲಸವಲ್ಲ.

ಇನ್ನೂ ಹತ್ತಿರ ರಾಯಚೂರು. ಕಾರಹುಣ್ಣಿಮೆಗೆ ಮುನ್ನೂರು ಕಾಪು ಸಮಾಜದವರು ಮುಂಗಾರು ಹಬ್ಬ ಮಾಡಿ ಎತ್ತುಗಳಿಂದ ಟನ್‌ಗಟ್ಟಲೆ ಭಾರದ ಕಲ್ಲು ಎಳೆಸುತ್ತಾರೆ. ನಡೆಯುವುದು ಎಲ್ಲಿ? ರಾಜೇಂದ್ರ ಗಂಜಿನಲ್ಲಿ. ಅಡತಿ ಅಂಗಡಿಗಳ ನಡುವಿನ ಬಯಲೇ ಮೈದಾನ! ಯಾರ ಹೊಲವನ್ನೂ ಬೇಡಬೇಕಿಲ್ಲ.

ಎತ್ತೇ ಇಲ್ಲದಿದ್ದರೆ?

ಮೈದಾನಕ್ಕಿಂತ ದೊಡ್ಡ ಚಿಂತೆ ಒಂದುಂಟು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಆಕಳುಗಳ ಸಂಖ್ಯೆ ಏರಿತು. ಹೋರಿ-ಎತ್ತುಗಳ ಸಂಖ್ಯೆ ಏಳು ವರ್ಷದಲ್ಲಿ ಶೇಕಡ 30ರಷ್ಟು ಇಳಿಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಉಳುವುದು ಟ್ರಾಕ್ಟರು, ರಾಶಿ ಮಾಡುವುದು ಮಷಿನ್ನು. ಜೋಳ ಬಿತ್ತುವ ಹೊಲಕ್ಕೆ ಸೋಯಾ ಬಂತು. ಸೋಯಾ ರೊಕ್ಕ ಕೊಡುತ್ತದೆ, ಆದರೆ ಜೋಳದ ಹಾಗೆ ಕಣಿಕೆ ಕೊಡುವುದಿಲ್ಲ. ಮೇವು ಕೊಂಡು ವರ್ಷವಿಡೀ ಎತ್ತು ಸಾಕುವವನಿಗೆ ಒಂದು ನೆವ ಬೇಕು. ಆ ನೆವವೇ ಶರ್ಯತ್ತು.

ಇಲ್ಲಿಯ ತಳಿ ದೇವಣಿ. ಗಡಿಯಾಚೆ ಲಾತೂರ್ ಜಿಲ್ಲೆಯ ದೇವಣಿ ಊರಿನ ಹೆಸರನ್ನೇ ಹೊತ್ತದ್ದು. ಹಾಲಿಗೂ ಆಯಿತು, ಹೊಲಕ್ಕೂ ಆಯಿತು. ಬಿಳಿ ಮೈ, ಕಪ್ಪು ಮಚ್ಚೆ, ಸಾವಧಾನದ ನಡಿಗೆ. ಓಟಕ್ಕೆ ಹೆಸರಾದದ್ದು ಸೋಲಾಪುರ, ವಿಜಯಪುರ ಕಡೆಯ ಖಿಲಾರಿ. ಬರೀ ವೇಗದ ಶರ್ಯತ್ತು ಇಟ್ಟರೆ ಬಹುಮಾನ ಹೊರಗಿನ ಖಿಲಾರಿಗೆ, ಊರ ದೇವಣಿ ಕೊಟ್ಟಿಗೆಗೆ. ಅದಕ್ಕೆ ಭಾರ ಎಳೆಯುವುದು, ನೇರ ಸಾಲು ಹೊಡೆಯುವುದು, ಚೆಂದದ ಜೋಡಿ ಎಂದು ಬೇರೆ ಬೇರೆ ಬಹುಮಾನ ಇಟ್ಟರೆ ದೇವಣಿ ಸಾಕಿದವನೂ ಮೈದಾನಕ್ಕೆ ಬಂದಾನು.

ಹತ್ತು ಮಂದಿಯ ಹುಲ್ಲುಕಡ್ಡಿ

ಕಮಲನಗರ ಈಗ ಔರಾದ ತಾಲೂಕಿನ ಮೂಲೆಯಲ್ಲ, ತಾನೇ ತಾಲೂಕು. ತಹಶೀಲ ಕಚೇರಿ ಊರಲ್ಲೇ ಇದೆ. ರೈಲು ನಿಲ್ಲುತ್ತದೆ, ಬಸ್ಸು ನಿಲ್ಲುತ್ತದೆ. ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯವೇ ಬೀದರಿನಲ್ಲಿದೆ, ಡಾಕ್ಟರಿಗಾಗಿ ಊರೂರು ಅಲೆಯಬೇಕಿಲ್ಲ. ಎರಡೂ ಸೀಮೆಯ ಎತ್ತು ಬಂದು ಸೇರಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು?

ಬೇಕಾದದ್ದು ನಾಲ್ಕೇ ಮಾತು. ಭಾಲ್ಕಿ, ಔರಾದ, ಕಮಲನಗರದ ಜಾತ್ರೆಗಳು ಒಂದರ ಮೇಲೊಂದು ಬೀಳದಂತೆ ತಾರೀಖಿನ ಒಂದು ಪಟ್ಟಿ. ಖಾಸಗಿ ಹೊಲದ ಬದಲು ಊರಿನ ಹೆಸರಲ್ಲಿ ಗುರುತಿಸಿದ ಒಂದು ಬಯಲು. ಬಾರುಕೋಲು ಎತ್ತಿದವನ ಜೋಡಿಯನ್ನು ಯಾರ ಮುಲಾಜೂ ಇಲ್ಲದೆ ಹೊರಗೆ ಹಾಕುವ ಪಂಚರು. ನಾಲ್ಕನೆಯದು, ಒಬ್ಬನ ಲಕ್ಷದ ಬದಲು ನೂರು ಅಂಗಡಿಯ ಸಾವಿರ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ಮುಂದಿನ ಸಲ ವಂತಿಗೆ ಕೇಳುವವರು ಬಂದಾಗ ಸೇಠರು ಊರಾಗಿರಬೇಕು. ಇಲ್ಲದಿದ್ದರೆ ಬಸ್ಸಿನಲ್ಲಿ ಹುಡುಗರು ಕೇಳುವ ಪ್ರಶ್ನೆಯೂ ಬದಲಾದೀತು: "ಕಾಕಾ, ಎತ್ತು ಅಂದ್ರ ಹೆಂಗಿರ್ತಿತ್ತು?"