ಹನ್ನೆರಡು ವೋಲ್ಟಿನ ಬಿಸಿ

ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನಲ್ಲಿ ಇರುವಂಥ 12 ವೋಲ್ಟಿನ ಪುಟ್ಟ ಪಂಪು, ಒಂದು ಬ್ಯಾಟರಿ, ಒಂದು ಸ್ವಿಚ್ಚು ಇದ್ದರೆ ತಾರಸಿಯ ಗಿಡಗಳಿಗೆ ನೀರುಣಿಸಬಹುದು. 12 ವೋಲ್ಟು ತಾನೇ, ಶಾಕ್ ಹೊಡೆಯುವುದಿಲ್ಲ ಎಂದುಕೊಂಡು ಮನೆಯಲ್ಲಿ ಬಿದ್ದಿರುವ ಸ್ಪೀಕರ್ ವೈರನ್ನೇ ಎಳೆದುಬಿಡುವವರಿದ್ದಾರೆ. ಒಣಗೈಗೆ ಶಾಕ್ ಹೊಡೆಯದು, ನಿಜ. ವೈರನ್ನು ಕಾಯಿಸುವುದು ಮಾತ್ರ ಅದರಲ್ಲಿ ಹರಿಯುವ ಕರೆಂಟು. 48 ವ್ಯಾಟಿನ ಕೆಲಸಕ್ಕೆ 230 ವೋಲ್ಟಿನಲ್ಲಿ ಕಾಲು ಆಂಪಿಯರೂ ಬೇಡ. 12 ವೋಲ್ಟಿನಲ್ಲಿ 4 ಆಂಪಿಯರ್ ಬೇಕು. ವೈರಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಆ 4 ಆಂಪಿಯರ್ ಮೋಟಾರು ಸಲೀಸಾಗಿ ತಿರುಗುವಾಗಿನ ಲೆಕ್ಕ. ತಿರುಗುವ ಮೋಟಾರು ತಾನೂ ಒಂದು ಡೈನಮೊ. ಬ್ಯಾಟರಿಗೆ ಎದುರಾಗಿ ಅದು ವೋಲ್ಟೇಜ್ ಹುಟ್ಟಿಸುತ್ತ, ಬರುವ ಕರೆಂಟನ್ನು ತಾನೇ ತಡೆದಿಟ್ಟಿರುತ್ತದೆ. ಕಸ ಸಿಕ್ಕಿಯೋ ಬೇರಿಂಗ್ ತುಕ್ಕು ಹಿಡಿದೋ ಅದು ನಿಂತುಬಿಟ್ಟರೆ ಆ ತಡೆ ಪೂರ್ತಿ ಇಲ್ಲವಾಗುತ್ತದೆ. ಸುರುಳಿಯ ರೋಧ 0.6 ಓಮ್ ಎಂದಿಟ್ಟುಕೊಳ್ಳಿ: ಬ್ಯಾಟರಿಯ ಪಕ್ಕದಲ್ಲೇ ಇದ್ದರೆ ಕರೆಂಟು 20 ಆಂಪಿಯರಿಗೆ ಜಿಗಿಯುತ್ತದೆ. ಐದು ಪಟ್ಟು ಕರೆಂಟು ಎಂದರೆ ಇಪ್ಪತ್ತೈದು ಪಟ್ಟು ಬಿಸಿ. ವೈರು ಆರಿಸುವಾಗ ನೆನಪಿನಲ್ಲಿರಬೇಕಾದದ್ದು ಹೀಗೆ ನಿಂತುಹೋದ ಮೋಟಾರು.

ಇನ್ನು ದೂರದ ಮಾತು. ಪಂಪು ಬ್ಯಾಟರಿಯಿಂದ 10 ಮೀಟರ್ ದೂರದಲ್ಲಿದ್ದರೆ ಕರೆಂಟು ಹೋಗಿ ಬರಲು 20 ಮೀಟರ್ ತಾಮ್ರ. 0.75 ಚದರ ಮಿಲಿಮೀಟರಿನ ವೈರಾದರೆ ಅದರ ರೋಧ ಸುಮಾರು 0.52 ಓಮ್. 4 ಆಂಪಿಯರಿಗೆ 2 ವೋಲ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಪಂಪಿಗೆ ಉಳಿಯುವುದು 10. ಮನೆಯ 230 ವೋಲ್ಟಿನಲ್ಲಿ ಇಷ್ಟು ನಷ್ಟವನ್ನು ಯಾರೂ ಗಮನಿಸುವುದಿಲ್ಲ. 2.5 ಚದರ ಮಿಲಿಮೀಟರಿನ ವೈರು ಹಾಕಿದರೆ ನಷ್ಟ 0.64 ವೋಲ್ಟಿಗೆ ಇಳಿಯುತ್ತದೆ.

ತೆಳು ವೈರಿನ ದೊಡ್ಡ ಅಪಾಯ ಬೇರೆಯೇ ಇದೆ. ಪಂಪು ಸಿಲುಕಿ ನಿಂತಾಗ, ಈ ಉದ್ದದ 0.75 ವೈರು ತನ್ನ ರೋಧದಿಂದಲೇ ಕರೆಂಟನ್ನು 11 ಆಂಪಿಯರಿನೊಳಗೆ ಹಿಡಿದಿಡುತ್ತದೆ. ಇರಲಿ ಎಂದು ಯಾರೋ ಹಾಕಿದ 15 ಆಂಪಿಯರಿನ ಫ್ಯೂಸ್ ಆಗ ಹೋಗುವುದೇ ಇಲ್ಲ. ವೈರೂ ಮೋಟಾರೂ ಸದ್ದಿಲ್ಲದೆ ಕಾಯುತ್ತಲೇ ಇರುತ್ತವೆ. ಅದೇ 2.5ರ ವೈರು, 7.5 ಆಂಪಿಯರಿನ ಫ್ಯೂಸ್ ಇದ್ದರೆ ಸುಮಾರು 16 ಆಂಪಿಯರ್ ನುಗ್ಗಿ ಫ್ಯೂಸ್ ಕೆಲವೇ ಸೆಕೆಂಡಿನಲ್ಲಿ ಕರಗುತ್ತದೆ. ದಪ್ಪ ವೈರಿಗೆ ಕೊಟ್ಟ ಹಣ ಇಲ್ಲಿ ಸಾರ್ಥಕ. ಕಾರು, ಬೈಕುಗಳಲ್ಲಿ ಬಳಸುವ ಬ್ಲೇಡ್ ಫ್ಯೂಸ್ ಸಾಕು. ಅದನ್ನು ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೇ ಕೂರಿಸಿ. ಫ್ಯೂಸಿಗಿಂತ ಹಿಂದೆ ಶಾರ್ಟ್ ಆದರೆ ಕಾಯುವವರು ಯಾರೂ ಇಲ್ಲ, ಸಣ್ಣ ಬ್ಯಾಟರಿ ಕೂಡ ಆ ಗಳಿಗೆಯಲ್ಲಿ ನೂರಾರು ಆಂಪಿಯರ್ ಸುರಿಯಬಲ್ಲದು.

ಮೋಟಾರು ಅದುರುತ್ತದೆ, ಆದ್ದರಿಂದ ಒಂಟಿ ಎಳೆಯ ವೈರಿಗಿಂತ ಹಲವು ಎಳೆಯ ಮೆತ್ತನೆಯ ವೈರೇ ಸರಿ. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಬಣ್ಣದ ಕೆಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ರೋಧ ಹೆಚ್ಚು, ಅಗ್ಗವಾದರೂ ಬೇಡ. ಗೋಡೆಯ ಸ್ವಿಚ್ಚನ್ನೂ ಇಲ್ಲಿಗೆ ತರಬೇಡಿ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನ ಕಿಡಿ ತಾನೇ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ, ಕಿಡಿ ಎಳೆದಾಡುತ್ತದೆ. ಡಿಸಿ ಆಂಪಿಯರ್ ನಮೂದಿಸಿರುವ ಸ್ವಿಚ್ಚನ್ನೇ ಕೇಳಿ ತನ್ನಿ.

ಜೋಡಣೆ ಮುಗಿದ ಮೇಲೆ ಪಂಪನ್ನು ಕಾಲು ಗಂಟೆ ಓಡಿಸಿ, ಓಡುತ್ತಿರುವಾಗಲೇ ಮೋಟಾರಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಓದಿ. ಬ್ಯಾಟರಿಯ ತುದಿಗೂ ಅದಕ್ಕೂ ಒಂದು ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ವೈರು ತೆಳುವಾಗಿದೆ, ಇಲ್ಲವೇ ಎಲ್ಲೋ ಜಾಯಿಂಟ್ ಸಡಿಲವಾಗಿದೆ. ಆರಿಸಿದ ತಕ್ಷಣ ಪ್ರತಿ ಜಾಯಿಂಟನ್ನೂ ಬೆರಳಿನಿಂದ ಮುಟ್ಟಿ ನೋಡಿ. ಬೆಚ್ಚಗಿರುವುದನ್ನು ಬಿಚ್ಚಿ, ತಿರುಚಿ ಟೇಪು ಸುತ್ತಿದ್ದನ್ನು ಕಿತ್ತು, ಲಗ್ ಹಾಕಿ ಒತ್ತಿ ಮತ್ತೆ ಜೋಡಿಸಿ.