ನಡುವೆ ಮಾತ್ರ ಇಡುವ ಗುರುತು

ಅಳ್ನಾವರ ಜಂಕ್ಷನ್ನಿನಲ್ಲಿ ನಿಂತ ರೈಲಿನಲ್ಲಿ ಹತ್ತು ಡಬ್ಬಿಗಳಿದ್ದರೆ ಅವುಗಳ ನಡುವಿನ ಕೊಂಡಿಗಳು ಒಂಬತ್ತೇ. ಪಟ್ಟಿಯ ಲೆಕ್ಕವೂ ಹೀಗೆಯೇ. ‘ಹುಬ್ಬಳ್ಳಿ, ಧಾರವಾಡ, ಅಳ್ನಾವರ, ಲೋಂಡಾ’ ಎಂದು ಬರೆದರೆ ಊರುಗಳು ನಾಲ್ಕು, ಅಲ್ಪವಿರಾಮಗಳು ಮೂರು. ಕನ್ನಡದ ಹಳೆಯ ರೂಢಿ ಬೇರೆ: ‘ಹುಬ್ಬಳ್ಳಿಯೂ ಧಾರವಾಡವೂ ಅಳ್ನಾವರವೂ’ ಎನ್ನುವಾಗ ‘ಊ’ ಎಂಬುದು ಕೊನೆಯ ಹೆಸರಿಗೂ ಅಂಟುತ್ತದೆ.

ಜಪಾನಿನ ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ಹೊರತಂದ ‘ರೂಬಿ’ ಎಂಬ ಕಂಪ್ಯೂಟರ್ ಭಾಷೆ ರೈಲಿನ ಲೆಕ್ಕವನ್ನೇ ಪಾಲಿಸುತ್ತದೆ. ಅದರಲ್ಲಿ ಹೆಸರುಗಳನ್ನು ‘ಅರೇ’ ಎಂಬ ಸಾಲಿನಲ್ಲಿ ಬಿಡಿಬಿಡಿಯಾಗಿ ಇಡಬಹುದು. ‘ಜಾಯಿನ್’ ಎಂಬ ಆಜ್ಞೆಗೆ ಒಂದು ಗುರುತನ್ನು ಒಪ್ಪಿಸಿದರೆ ಅದು ಎಲ್ಲವನ್ನೂ ಪೋಣಿಸಿ ಒಂದೇ ಪಂಕ್ತಿ ಮಾಡುತ್ತದೆ. ಗುರುತು ನಡುನಡುವೆ ಮಾತ್ರ, ಕೊನೆಯಲ್ಲಿಲ್ಲ. ಏನನ್ನೂ ಒಪ್ಪಿಸದಿದ್ದರೆ ‘ಹುಬ್ಬಳ್ಳಿಧಾರವಾಡಅಳ್ನಾವರಲೋಂಡಾ’ ಎಂದು ಬರುತ್ತದೆ. ಪದಗಳ ನಡುವೆ ತೆರಪಿಲ್ಲದ ಹಳಗನ್ನಡ ಶಾಸನಗಳನ್ನು ಓದಿ ಪಳಗಿದವರಿಗೆ ಇದೇನೂ ಹೊಸದಲ್ಲ! ಸಾಲಿನ ನಡುವಿನ ಒಂದು ಸ್ಥಾನ ಖಾಲಿಯಿದ್ದರೆ ಎರಡು ಅಲ್ಪವಿರಾಮಗಳು ಒಟ್ಟಿಗೆ ಬೀಳುತ್ತವೆ. ಅದು ತಪ್ಪಲ್ಲ, ಅಲ್ಲಿ ಏನೋ ಇರಬೇಕಿತ್ತು ಎಂಬುದರ ಸುಳಿವು.

ತೊಡಕಿರುವುದು ಪೋಣಿಸುವಾಗ ಅಲ್ಲ, ಮತ್ತೆ ಬಿಡಿಸುವಾಗ. ಮೂವರ ವಿಳಾಸಗಳನ್ನು ಅಲ್ಪವಿರಾಮದಿಂದ ಜೋಡಿಸಿದರೆಂದುಕೊಳ್ಳಿ. ಅವುಗಳಲ್ಲಿ ಒಂದು ‘ಸ್ಟೇಷನ್ ರಸ್ತೆ, ಅಳ್ನಾವರ’. ಬಿಡಿಸುವ ಯಂತ್ರಕ್ಕೆ ಬರೆದವರ ಮನಸ್ಸು ತಿಳಿಯದು. ಅದು ನಾಲ್ಕು ವಿಳಾಸಗಳನ್ನು ಎಣಿಸುತ್ತದೆ, ಅಲ್ಲಿಂದ ಮುಂದಿನ ಪ್ರತಿಯೊಂದೂ ಒಂದು ಮನೆ ಆಚೆ ಸರಿಯುತ್ತದೆ. ಒಬ್ಬರ ಕಾಗದ ಇನ್ನೊಬ್ಬರ ಬಾಗಿಲಿಗೆ ಹೋಗಲು ಇಷ್ಟು ಸಾಕು. ಆದ್ದರಿಂದಲೇ ತಿಳಿದವರು ಪಟ್ಟಿಯ ಒಳಗೆ ಎಲ್ಲಿಯೂ ಬಾರದ ಗುರುತನ್ನು ಆರಿಸುತ್ತಾರೆ, ಇಲ್ಲವೇ ಪ್ರತಿ ವಿಳಾಸವನ್ನೂ ಉದ್ಧರಣ ಚಿಹ್ನೆಗಳ ನಡುವೆ ಇಟ್ಟು, ಬಿಡಿಸುವಾಗ ಆ ಚಿಹ್ನೆಗಳನ್ನು ಗಮನಿಸುವ ಏರ್ಪಾಟನ್ನೂ ಮಾಡುತ್ತಾರೆ.