ಸೈಕಲ್, ಒಟಿಪಿ ಮತ್ತು 350ನೆಯ ವಿಧಿ

ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರಲ್ಲಿ ಭಾನುವಾರ ಬೆಳಗ್ಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯ ಸುತ್ತ ಮನೆಮಂದಿಯೆಲ್ಲ ನೆರೆದಿದ್ದಾರೆ. ಒಳಗಿರುವುದು ಎಂಟನೆಯ ತರಗತಿಗೆ ಕಾಲಿಟ್ಟ ಮಗಳ ಸೈಕಲ್. ಊರಿನ ಜಿಲ್ಲಾ ಪರಿಷತ್ ಕನ್ನಡ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಕನ್ನಡ ಮಾಧ್ಯಮದ ಪ್ರೌಢಶಾಲೆ ಇರುವುದು ನಾಲ್ಕು ಕಿಲೋಮೀಟರ್ ಆಚೆಯ ಊರಿನಲ್ಲಿ. ಸೋಲಾಪುರದ ಟವೆಲ್ ಕಾರ್ಖಾನೆಯಲ್ಲಿ ದುಡಿಯುವ ತಂದೆ ಮೊಬೈಲಿನಲ್ಲಿ ಗುಂಡಿ ಒತ್ತಿ ಸೈಕಲ್ ತರಿಸಿದ್ದಾನೆ. ಶೇಕಡಾ 85ರಷ್ಟು ಜೋಡಣೆಯಾಗಿಯೇ ಬರುತ್ತದೆ, ಉಳಿದ 15ನ್ನು ಮನೆಯಲ್ಲಿ ಸುಲಭವಾಗಿ ಜೋಡಿಸಿಕೊಳ್ಳಬಹುದು ಎಂದು ಜಾಹೀರಾತು ಹೇಳಿತ್ತು. ಕಷ್ಟವೆಲ್ಲ ಆ 15ರಲ್ಲಿಯೇ ಇತ್ತು.

ಈ ತಂದೆಗೆ ಇಲ್ಲಿ ಹೆಸರಿಲ್ಲ. ಆತ ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ನಾಗಣಸೂರ, ಮೈಂದರ್ಗಿ, ದುಧನಿ ಕಡೆಯ ಮನೆಗಳ ದಿನನಿತ್ಯದ ಪಾಡನ್ನು ಒಂದೆಡೆ ಇಟ್ಟು ನೋಡಿದರೆ ಮೂಡುವ ಸಾಮಾನ್ಯ ನಾಗರಿಕ. ಆತನಿಗೆ ರಾಜಕಾರಣದ ಮೇಲೆ ಸಿಟ್ಟು, ಮೊಬೈಲಿನ ಮೇಲೆ ಸಿಟ್ಟು, ಆ ಭಾನುವಾರದ ಮಟ್ಟಿಗೆ ಸೈಕಲ್ಲಿನ ಮೇಲೂ ಸಿಟ್ಟು. ಮೂರೂ ಒಂದೇ ಎಂದು ಆತ ತಿಳಿದಿದ್ದಾನೆ. ಆದರೆ ಒಂದೊಂದಕ್ಕೂ ಬೇರೆ ಬೇರೆ ಅಳತೆಯ ಪಾನಾ ಬೇಕು.

ಮೊದಲು ಸೈಕಲ್ಲಿನ ಮಾತು. ಬಲಗಡೆಯ ಪೆಡಲನ್ನು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಡಗಡೆಯದು ಅದಕ್ಕೆ ವಿರುದ್ಧ. ತುಳಿಯುವ ಕಾಲಿನ ಒತ್ತಡಕ್ಕೆ ಪೆಡಲು ತಾನಾಗಿಯೇ ಕಳಚಿಕೊಳ್ಳದಿರಲಿ ಎಂದೇ ಎಡಗಡೆಯ ತಿರುಪನ್ನು ಹೀಗೆ ಉಲ್ಟಾ ಕೊರೆದಿರುತ್ತಾರೆ. ಪೆಡಲಿನ ಗೂಟದ ತುದಿಯಲ್ಲಿ ಎಡ, ಬಲ ಎಂದು ತಿಳಿಸುವ 'ಎಲ್', 'ಆರ್' ಎಂಬ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ. ಗೊತ್ತಿದ್ದವರ ಕಣ್ಣಿಗೆ ಮಾತ್ರ ಅವು ಬೀಳುತ್ತವೆ. ತಂದೆ ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿದ. ಎಡಗಡೆಯದು ಒಳಹೋಗಲಿಲ್ಲ. ಪಾನಾಕ್ಕೆ ಕಬ್ಬಿಣದ ಕೊಳವೆ ಸಿಕ್ಕಿಸಿ ಬಲ ಹಾಕಿದ. ಕ್ರ್ಯಾಂಕಿನ ತಿರುಪು ಸವೆದುಹೋಯಿತು.

ಹಳೆಯ ಕಪ್ಪು ಸೈಕಲ್ಲಾಗಿದ್ದರೆ ಊರ ಬೇವಿನ ಮರದ ಕೆಳಗಿನ ಮಿಸ್ತ್ರಿಗೆ ಇದು ಅರ್ಧ ಗಂಟೆಯ ಕೆಲಸ. ಕಾಟರ್ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಹೊರದೂಡಿದರೆ ಕ್ರ್ಯಾಂಕ್ ಕೈಗೆ ಬರುತ್ತಿತ್ತು. ಹಿಂದಿನ ಹಬ್ಬಿನಲ್ಲಿ ಒಂದೊಂದು ಬದಿಗೆ ಒಂಬತ್ತು ಕಾಲಿಂಚಿನ ಗುಂಡುಗಳು. ಗಾಳಿ ಇಳಿದರೆ ಹಣ ಕೇಳುವುದಕ್ಕೂ ನಾಚಿಕೆಯಾಗುವಷ್ಟು ಅಗ್ಗದ ವಾಲ್‌ಟ್ಯೂಬ್ ರಬ್ಬರು. ನೀರು ತುಂಬಿದ ಬುಟ್ಟಿಯಲ್ಲಿ ಟ್ಯೂಬ್ ಅದ್ದಿ ಗುಳ್ಳೆ ಏಳುವ ಜಾಗವನ್ನು ಮಕ್ಕಳಿಗೆ ತೋರಿಸುತ್ತಿದ್ದ ಮಿಸ್ತ್ರಿ ಎಷ್ಟೋ ಜನರಿಗೆ ವಿಜ್ಞಾನದ ಮೊದಲ ಮೇಷ್ಟ್ರು. ಹೊಸ ಮಾದರಿಯಲ್ಲಿ ಕಾಟರ್ ಪಿನ್ ಇಲ್ಲ. ಕ್ರ್ಯಾಂಕ್ ಬಿಚ್ಚಲು ಪುಲ್ಲರ್ ಎಂಬ ಪ್ರತ್ಯೇಕ ಸಾಧನ ಬೇಕು. ಹಳ್ಳಿಯ ಮಿಸ್ತ್ರಿಯ ಪೆಟ್ಟಿಗೆಯಲ್ಲಿ ಅದು ಇಲ್ಲ. ಆದರೂ ಆತ ಒಂದು ದೊಡ್ಡ ಉಪಕಾರ ಮಾಡಿದ. ಮುಂದಿನ ಫೋರ್ಕ್ ಹಿಂದುಮುಂದಾಗಿ ಕೂತಿದೆ ಎಂದು ದೂರದಿಂದಲೇ ನೋಡಿ ಹೇಳಿದ. ಪೆಟ್ಟಿಗೆಯಿಂದ ತೆಗೆದು ಮನೆಯಲ್ಲೇ ಜೋಡಿಸಿದ ಸೈಕಲ್ಲನ್ನು ಮಕ್ಕಳ ಕೈಗೆ ಕೊಡುವ ಮೊದಲು ಪ್ರತಿಯೊಬ್ಬ ಪಾಲಕರೂ ನೋಡಬೇಕಾದ ಸಂಗತಿ ಇದು: ಫೋರ್ಕಿನ ಬಾಗು ಮುಂದಕ್ಕೆ ಚಾಚಿರಬೇಕು. ತಿರುಗಿ ಕೂತರೆ ಹ್ಯಾಂಡಲ್ ಹತೋಟಿಗೆ ಸಿಗುವುದಿಲ್ಲ, ಪೆಡಲಿನ ಮೇಲಿನ ಪಾದ ಮುಂದಿನ ಗಾಲಿಗೆ ತಗಲುತ್ತದೆ.

ಗಡಿಯ ಆಚೆ ಅಫಜಲಪುರ, ಆಳಂದ, ಇಂಡಿ ತಾಲೂಕುಗಳ ಎಂಟನೆಯ ತರಗತಿಯ ಮಕ್ಕಳಿಗೆ ಕರ್ನಾಟಕ ಸರ್ಕಾರ 2006-07ರಿಂದ ಹಲವು ವರ್ಷ ಉಚಿತವಾಗಿ ಸೈಕಲ್ ಕೊಟ್ಟಿತು. ಅವುಗಳ ಗುಣಮಟ್ಟದ ಬಗ್ಗೆ ಅಲ್ಲಿಯೂ ದೂರುಗಳು ಬಂದವು. ಕೊರೋನಾದ ನಂತರ ಯೋಜನೆಯೇ ನಿಂತಿತು. ಈಚೆಯ ಕನ್ನಡ ಶಾಲೆಯ ಮಗುವಿಗೆ ಆ ಸೈಕಲ್ ನೆಂಟರ ಮನೆಯ ಅಂಗಳದಲ್ಲಿ ಕಂಡ ವಸ್ತು ಮಾತ್ರ.

ಇನ್ನು ಮೊಬೈಲು. ಮಾರಿದವರಿಗೆ ದೂರು ಹೇಳಲು ಹೋದರೆ ಆ್ಯಪಿನಲ್ಲಿ ಮನುಷ್ಯರಿಲ್ಲ. ಮೊದಲು ಒಟಿಪಿ, ಹಳ್ಳಿಯಲ್ಲಿ ಸಿಗ್ನಲ್ ಹಿಡಿದು ಅದು ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಆಮೇಲೆ ಮುರಿದ ಭಾಗದ ಚಿತ್ರ. ಕೊನೆಗೆ, ನಿಮ್ಮ ಪಿನ್‌ಕೋಡಿಗೆ ಈ ಸೇವೆ ಲಭ್ಯವಿಲ್ಲ ಎಂಬ ಉತ್ತರ. ಸೈಕಲ್ ತಲುಪಿಸಲು ಸಿಕ್ಕ ಪಿನ್‌ಕೋಡ್ ದುರಸ್ತಿಗೆ ಸಿಗದೆ ಹೋಯಿತು.

ಇಲ್ಲಿ ಕಾನೂನು ನಾಗರಿಕನನ್ನು ಪೂರ್ತಿ ಕೈಬಿಟ್ಟಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟದ ಸಂಸ್ಥೆ ಒಬ್ಬ ದೂರು ನಿವಾರಣಾ ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಸಂಪರ್ಕ ವಿವರಗಳನ್ನು ಪ್ರಕಟಿಸಬೇಕು. ಅವರು 48 ಗಂಟೆಗಳಲ್ಲಿ ದೂರು ತಲುಪಿದ್ದನ್ನು ಒಪ್ಪಿಕೊಂಡು ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು ಎಂಬುದು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ. ಅದರ ನಂತರ ಜಿಲ್ಲಾ ಗ್ರಾಹಕ ಆಯೋಗ. ಮಾರಿದವರ ಊರಿಗೆ ಹೋಗಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನ ಪ್ರಕಾರ ದೂರುದಾರನು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ಸೋಲಾಪುರದಲ್ಲಿಯೇ, ದೂರು ಹೂಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ಅವಧಿ ಎರಡು ವರ್ಷ, ವಕೀಲರೇ ಬೇಕೆಂಬ ನಿಯಮವೂ ಇಲ್ಲ.

ಆದರೆ ಕಾನೂನನ್ನು ಹಿಗ್ಗಿಸಿ ಹೇಳಬಾರದು. ತಿರುಪು ಸವೆಸಿದ್ದು ನೀವೇ ಅಲ್ಲವೇ ಎಂದು ಮಾರಿದವರು ಕೇಳುತ್ತಾರೆ, ಅದು ಪೂರ್ತಿ ಸುಳ್ಳಲ್ಲ. ಬಳಕೆಯ ಸೂಚನೆ ಸಾಲದೆ ಹಾನಿಯಾದರೆ ತಯಾರಕನ ಹೊಣೆಯೆಂದು 84ನೆಯ ಕಲಮು ಹೇಳುತ್ತದೆ. ಅಲ್ಲಿ 'ಹಾನಿ' ಎಂದರೆ ಆ ವಸ್ತುವಿಗೇ ಆದ ಕೇಡಲ್ಲ. ಹುಡುಗಿ ಬಿದ್ದು ಕೈ ಮುರಿದುಕೊಂಡರೆ ಆ ಕಲಮು ಎಚ್ಚರಗೊಳ್ಳುತ್ತದೆ. ಕ್ರ್ಯಾಂಕ್ ಮುರಿದರೆ ಇಲ್ಲ. ಉಳಿಯುವುದು ಸೇವೆಯಲ್ಲಿನ ಕೊರತೆಯ ವಾದ. ಅದನ್ನು ನಡೆಸಬಹುದು, ಆದರೆ ಸೋಮವಾರ ಬೆಳಗ್ಗೆ ಮಗಳು ಶಾಲೆಗೆ ಹೋಗಬೇಕಲ್ಲ? ತಂದೆ ಕ್ರ್ಯಾಂಕನ್ನು ಸೋಲಾಪುರದ ಅಂಗಡಿಯಲ್ಲಿ ಸ್ವಂತ ಖರ್ಚಿನಿಂದ ಬದಲಿಸಲು ನಿರ್ಧರಿಸಿದ. ಅದು ತಪ್ಪು ಲೆಕ್ಕವಲ್ಲ.

ಮೊಬೈಲಿನ ಇನ್ನೊಂದು ತೊಡಕು ಸೈಕಲ್ಲಿಗಿಂತ ಆಳವಾದದ್ದು. ಪ್ರೌಢಶಾಲೆಗೆ ಸೇರಿಸುವಾಗ ಮಗಳ ಹೆಸರು ಶಾಲಾ ದಾಖಲೆಯಲ್ಲಿ ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ ಎಂದು ಕಂಡುಬಂತು. ಇದು ಯಾರ ಅಲಕ್ಷ್ಯವೂ ಅಲ್ಲದೆ ಆಗುವ ತಪ್ಪು. ಕನ್ನಡದಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಅಕ್ಷರಗಳು. ಮರಾಠಿ ಬರವಣಿಗೆಯಲ್ಲಿ ಆ ಭೇದವಿಲ್ಲ. 'ಮಲ್ಲವ್ವ' ಎಂಬ ಹೆಸರು ಮರಾಠಿಯಲ್ಲಿ 'ಮಲ್ಲವ್ವಾ' ಆಗುತ್ತದೆ. ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಒಬ್ಬರು ಎರಡು 'ವಿ' ಹಾಕುತ್ತಾರೆ, ಮತ್ತೊಬ್ಬರು ಎರಡು 'ಡಬ್ಲ್ಯು'. ಬಸವರಾಜನೆಂಬ ತಂದೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆ ಮೂರು ನಾಲ್ಕಿವೆ. ಮನುಷ್ಯನ ಕಣ್ಣಿಗೆ ಇವೆಲ್ಲ ಒಂದೇ, ಯಂತ್ರಕ್ಕೆ ಬೇರೆ ಬೇರೆ ವ್ಯಕ್ತಿಗಳು.

ಇದರ ಬೆಲೆ ಒಂದು ಮನೆಗೆ ಸೀಮಿತವಲ್ಲ. ಮಹಾರಾಷ್ಟ್ರದಲ್ಲಿ ಶಿಕ್ಷಕರ ಹುದ್ದೆಗಳನ್ನು ನಿರ್ಧರಿಸುವ ಸಂಚ ಮಾನ್ಯತೆಗೆ ಆಧಾರ್ ಪರಿಶೀಲನೆಯಾದ ವಿದ್ಯಾರ್ಥಿಗಳ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ತುಂಬಿದ ಶಾಲೆಯಲ್ಲಿ ಐದು ಹೆಸರು ಹೊಂದಿಕೆಯಾಗದಿದ್ದರೆ ಏನೂ ಆಗದು. ಮಕ್ಕಳು ಮೊದಲೇ ಕಡಿಮೆ ಇರುವ ಕನ್ನಡ ಶಾಲೆಯಲ್ಲಿ ಅದೇ ಐದು ಹೆಸರು ಒಬ್ಬ ಶಿಕ್ಷಕರ ಹುದ್ದೆಯನ್ನು ಅಲುಗಾಡಿಸಬಲ್ಲವು. ಬೆಂಚಿನ ಮೇಲೆ ಕುಳಿತ ಮಗು ಪಟ್ಟಿಯಲ್ಲಿ ಇರುವುದಿಲ್ಲ. ಪಾಲಕರು ಈ ವಾರವೇ ಮಕ್ಕಳ ಆಧಾರ್ ಕಾರ್ಡನ್ನು ಶಾಲಾ ದಾಖಲೆಯ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡುವುದು ಲೇಸು.

ಹೋಲಿಸಿ ನೋಡಿ ತಪ್ಪು ಕಂಡರೆ, ಅಥವಾ ಹಳೆಯ ಶಾಲೆಯ ಮಾಳಿಗೆ ಸೋರುತ್ತಿದ್ದರೆ, ಯಾರನ್ನು ಕೇಳಬೇಕು? ತಂದೆಯ ರಾಜಕೀಯ ಸಿಟ್ಟಿನ ಮೂಲ ಇಲ್ಲಿದೆ. ಪಂಚಾಯತಿ ಸಂಸ್ಥೆಗಳ ಅವಧಿ ಐದು ವರ್ಷ, ಆ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಸೋಲಾಪುರ ಜಿಲ್ಲಾ ಪರಿಷತ್ತಿನ ಚುನಾಯಿತ ಸದಸ್ಯರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಇತರ ಹಿಂದುಳಿದ ವರ್ಗಗಳ ಮೀಸಲಾತಿ, ವಾರ್ಡು ರಚನೆ ಎಂದು ರಾಜ್ಯದ ಸ್ಥಳೀಯ ಸಂಸ್ಥೆಗಳ ಚುನಾವಣೆಗಳು ನ್ಯಾಯಾಲಯದಲ್ಲಿ ಸಿಲುಕಿಕೊಂಡವು. ನಾಲ್ಕು ವಾರಗಳಲ್ಲಿ ಅಧಿಸೂಚನೆ ಹೊರಡಿಸಿರಿ ಎಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ 6ರಂದು ಹೇಳಬೇಕಾಯಿತು. ಆ ವರ್ಷ ಮುಗಿಯುವವರೆಗೂ ಜಿಲ್ಲಾ ಪರಿಷತ್ತಿಗೆ ಮತದಾನ ನಡೆಯಲಿಲ್ಲ. ಐದನೆಯ ತರಗತಿಯಲ್ಲಿದ್ದ ಮಗು ಎಂಟಕ್ಕೆ ಬರುವಷ್ಟು ಕಾಲ ಅದರ ಶಾಲೆಯನ್ನು ನಡೆಸುವ ಸಂಸ್ಥೆಯಲ್ಲಿ ಮತ ಪಡೆದು ಬಂದವರು ಒಬ್ಬರೂ ಇರಲಿಲ್ಲ. ಆಡಳಿತಾಧಿಕಾರಿ ಎಷ್ಟೇ ದಕ್ಷರಿರಲಿ, ಮುಂದಿನ ಸಲ ಮತ ಕೇಳಲು ಊರಿಗೆ ಬರುವವರಲ್ಲ.

ಮತ ಕೇಳುವ ಕಾಲಕ್ಕೆ ಈ ತಾಲೂಕಿನಲ್ಲಿ ಎಲ್ಲ ಪಕ್ಷಗಳಿಗೂ ಕನ್ನಡ ಬರುತ್ತದೆ. ಗಡಿಯ ಪ್ರಶ್ನೆ ಬಂದರೂ ಅಕ್ಕಲಕೋಟದ ಹೆಸರು ಎದ್ದು ಬರುತ್ತದೆ: ಮಹಾಜನ ಆಯೋಗ 1967ರಲ್ಲಿ ಈ ತಾಲೂಕನ್ನು ಮೈಸೂರು ರಾಜ್ಯಕ್ಕೆ ಸೇರಿಸಲು ಸೂಚಿಸಿತ್ತು, ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಅದು ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಆ ದಾವೆ ತೀರುವಾಗ ತೀರಲಿ. ಅರ್ಜಿಯ ಆ್ಯಪಿನಲ್ಲಿ ಭಾಷೆ ಆರಿಸಿಕೊಳ್ಳುವ ಪಟ್ಟಿಗೆ ಕನ್ನಡ ಎಂಬ ಒಂದು ಸಾಲು ಸೇರಿಸಲು ಯಾವ ಗಡಿಯೂ ಕದಲಬೇಕಾಗಿಲ್ಲ.

ಸಂವಿಧಾನದ 350ನೆಯ ವಿಧಿಯನ್ನು ಕನ್ನಡ ಶಾಲೆಯ ಪ್ರತಿ ಮನೆಯೂ ತಿಳಿದಿರಬೇಕು. ಕುಂದುಕೊರತೆಯ ನಿವಾರಣೆಗಾಗಿ ಯಾವುದೇ ವ್ಯಕ್ತಿ ರಾಜ್ಯದ ಯಾವುದೇ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು ಎಂಬುದು ಅದರ ಸಾರ. ಸೈಕಲ್ ಮಾರಿದ ಖಾಸಗಿ ಸಂಸ್ಥೆಗೆ ಇದು ಅನ್ವಯಿಸದು, ಸರ್ಕಾರಿ ಅಧಿಕಾರಿಗೆ ಅನ್ವಯಿಸುತ್ತದೆ. ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದು ಅದು ಹೇಳುವುದಿಲ್ಲ. ಅಲ್ಪಸಂಖ್ಯಾತ ಭಾಷಿಕರು ಶೇಕಡಾ 15ರಿಂದ 20ರಷ್ಟಿರುವ ಪ್ರದೇಶದಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಒಳಿತು ಎಂದು ಕೇಂದ್ರ ಸರ್ಕಾರದ 1956ರ ಜ್ಞಾಪನಪತ್ರ ಹೇಳಿತ್ತು. ಅಕ್ಕಲಕೋಟದಲ್ಲಿ ಕನ್ನಡಿಗರ ಪ್ರಮಾಣ ಅದನ್ನು ಎಷ್ಟೋ ಮೀರಿದ್ದು. ಕಾಗದದ ಅರ್ಜಿಯ ಕಾಲದಲ್ಲಿ ಕನ್ನಡದಲ್ಲಿ ಬರೆದದ್ದನ್ನು ತಿರಸ್ಕರಿಸಲು ಒಬ್ಬ ಗುಮಾಸ್ತ ಬಾಯಿಬಿಟ್ಟು ಇಲ್ಲ ಎನ್ನಬೇಕಿತ್ತು. ಪರದೆಯ ಮೇಲಿನ ಅರ್ಜಿ ಮರಾಠಿ, ಇಂಗ್ಲಿಷ್ ಎಂಬ ಎರಡೇ ಆಯ್ಕೆ ಕೊಟ್ಟರೆ ತಿರಸ್ಕರಿಸಿದವರು ಯಾರೆಂದೇ ತಿಳಿಯುವುದಿಲ್ಲ, ಪ್ರಶ್ನಿಸಲು ಆದೇಶವೂ ಇರುವುದಿಲ್ಲ. ಇದೇ ರಾಜ್ಯದ ಬಾಲಭಾರತಿ ಪುಣೆಯಿಂದ ಕನ್ನಡದಲ್ಲಿ ಪಠ್ಯಪುಸ್ತಕ ಪ್ರಕಟಿಸುತ್ತ ಬಂದಿದೆ. ಕನ್ನಡ ಓದುವವರು ಸರ್ಕಾರಕ್ಕೆ ಸಿಗುವುದಿಲ್ಲ ಎಂಬ ಮಾತು ಆದ್ದರಿಂದ ನಿಲ್ಲುವುದಿಲ್ಲ.

ಮಂಗಳವಾರ ಕ್ರ್ಯಾಂಕ್ ಬದಲಾಯಿತು. ಸೋಲಾಪುರದ ಮಿಸ್ತ್ರಿ ಪುಲ್ಲರ್ ಹಚ್ಚಿ ಹತ್ತು ನಿಮಿಷದಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸಿದ. ಎಡಗಡೆಯ ಪೆಡಲನ್ನು ತಿರುಗಿಸುವಾಗ ತಂದೆಯನ್ನು ಹತ್ತಿರ ಕರೆದು ದಿಕ್ಕು ತೋರಿಸಿದ, ಮಾತು ಅರ್ಧ ಮರಾಠಿ, ಅರ್ಧ ಕನ್ನಡ.

ಬುಧವಾರ ಆ ತಂದೆ ಕಾಗದದ ಮೇಲೆ, ಕನ್ನಡದಲ್ಲಿ, ಒಂದು ಮನವಿ ಬರೆದ: ಮಗಳ ಹೆಸರಿನ ತಿದ್ದುಪಡಿಯಾಗುವವರೆಗೆ ಆಕೆಯನ್ನು ಶಾಲೆಯ ಎಣಿಕೆಯಿಂದ ಬಿಡಬಾರದು, ಅರ್ಜಿಯ ಪರದೆಯಲ್ಲಿ ಕನ್ನಡದ ಆಯ್ಕೆ ಇರಬೇಕು. 350ನೆಯ ವಿಧಿಯ ಉಲ್ಲೇಖ ಮೊದಲ ಸಾಲಿನಲ್ಲಿಯೇ ಇತ್ತು. ಕೆಳಗೆ ನಾಲ್ಕು ಸಾಲಿನ ಸಾರಾಂಶವನ್ನು ಮಗಳು ಮರಾಠಿಯಲ್ಲಿ ಬರೆದಳು. ಹಾಗೆ ಬರೆದರೆ ಹಕ್ಕು ಕರಗುವುದಿಲ್ಲ, ಓದುವವರಿಗೆ ಅನುಕೂಲ. ಕಚೇರಿಯ ಆವಕ ವಿಭಾಗದ ಗುಮಾಸ್ತ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಆನ್‌ಲೈನಿನಲ್ಲಿ ಹಾಕಿರಿ ಎಂದ. ಹಾಗೆಂದು ಬರೆದು ಸಹಿ ಮಾಡಿ ಕೊಡಿ ಎಂದು ತಂದೆ ವಿನಯದಿಂದ ಕೇಳಿದ. ಗುಮಾಸ್ತ ಒಂದು ಕ್ಷಣ ಸುಮ್ಮನಿದ್ದು, ಎರಡನೆಯ ಪ್ರತಿಯ ಮೇಲೆ ಮೊಹರು ಹಾಕಿ, ಆವಕ ಸಂಖ್ಯೆ ಬರೆದು, ದಿನಾಂಕ ನಮೂದಿಸಿ ಪೋಚ್ ಕೊಟ್ಟ.